ಸಂಕ್ರಾಂತಿಯ ಇತಿಹಾಸವನ್ನು ಕಣದಿಂದ ಕಲಿಸುವುದು

ಅಭ್ಯಾಸ ಬೋಧನೆಯ ಅವಧಿ ಜನವರಿಯಲ್ಲಿ ಬಿದ್ದರೆ ಸಂಕ್ರಾಂತಿಯ ಹಿಂದುಮುಂದಿನ ವಾರದಲ್ಲಿ ಒಂದಾದರೂ ಪಾಠ ಹಬ್ಬದ ಮೇಲೆ ನಡೆಯುತ್ತದೆ. ಪಾಠದ ಹಂದರ ಬಹುಪಾಲು ಒಂದೇ. ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುತ್ತಾನೆ, ಉತ್ತರಾಯಣ ಆರಂಭವಾಗುತ್ತದೆ, ರೈತರು ಸುಗ್ಗಿ ಮಾಡುತ್ತಾರೆ, ಎತ್ತುಗಳಿಗೆ ಕಿಚ್ಚು ಹಾಯಿಸುತ್ತಾರೆ, ಎಳ್ಳು ಬೆಲ್ಲ ಹಂಚಿ ಒಳ್ಳೆಯ ಮಾತನಾಡುತ್ತಾರೆ. ಚಾರ್ಟು ಚೆನ್ನಾಗಿರುತ್ತದೆ, ಮಕ್ಕಳು ಖುಷಿಯಾಗಿರುತ್ತಾರೆ, 40 ನಿಮಿಷ ಸರಿಯಾಗಿ ಮುಗಿಯುತ್ತದೆ.

ಸಮಾಜ ವಿಜ್ಞಾನದ ಪಾಠವಾಗಿ ನೋಡಿದರೆ ಇದರಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಇದು ಆಚರಣೆಯ ವಿವರಣೆ. ಇತಿಹಾಸ ಇದರಲ್ಲಿ ಇಲ್ಲ. ಹಬ್ಬ ಯಾವಾಗಲೂ ಹೀಗೇ ಇತ್ತು, ಎಲ್ಲ ಊರಲ್ಲೂ ಹೀಗೇ ಇದೆ, ಎಲ್ಲರ ಮನೆಗೂ ಒಂದೇ ಅರ್ಥದಲ್ಲಿ ಬರುತ್ತದೆ ಎಂಬ ಭಾವನೆ ಮಗುವಿನಲ್ಲಿ ಉಳಿಯುತ್ತದೆ. ‘ರೈತರು’ ಎಂಬ ಒಂದು ಪದದ ಕೆಳಗೆ ಜಮೀನಿದ್ದವರು, ಕೂಲಿಗೆ ಹೋದವರು, ನೇಗಿಲು ಕೆತ್ತಿದವರು, ನಾಲೆಯ ತೂಬು ಎತ್ತಿದವರು ಎಲ್ಲರೂ ಮುಚ್ಚಿಹೋಗುತ್ತಾರೆ. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿ ಬಾರದ ಸುಗ್ಗಿ ಹಬ್ಬಗಳ ಜನ, ಮುಖ್ಯವಾಗಿ ಆದಿವಾಸಿಗಳು, ಪಾಠದ ಹೊರಗೇ ಉಳಿಯುತ್ತಾರೆ.

ಸುಗ್ಗಿಯ ಪಾಠವನ್ನು ಪಂಚಾಂಗದಿಂದ ಆರಂಭಿಸದೆ ಕಣದಿಂದ ಆರಂಭಿಸಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಇದಕ್ಕೆ ಬೇಕಾದ ಸಾಮಗ್ರಿ ಶಾಲೆಯ ಸುತ್ತಮುತ್ತಲೇ ಸಿಗುತ್ತದೆ. ಆ ಸಾಮಗ್ರಿ ಯಾವುದು, ಅದನ್ನು ಪಾಠವಾಗಿಸುವ ಕ್ರಮ ಯಾವುದು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ.

ದಿನಾಂಕದ ಇತಿಹಾಸ ಬೇರೆ, ಸುಗ್ಗಿಯ ಇತಿಹಾಸ ಬೇರೆ

ಮೊದಲು ಎರಡು ಎಳೆಗಳನ್ನು ಬಿಡಿಸಿಕೊಳ್ಳಬೇಕು. ನಮ್ಮ ಹೆಚ್ಚಿನ ಹಬ್ಬಗಳು ಚಾಂದ್ರಮಾನದವು. ಸಂಕ್ರಾಂತಿ ಸೌರಮಾನದ ಹಬ್ಬ. ಹಗಲು ಹೆಚ್ಚತೊಡಗುವುದು ಡಿಸೆಂಬರ್ 21 ಅಥವಾ 22ರ ನಂತರ. ಹಬ್ಬ ಬರುವುದು ಜನವರಿ 14 ಅಥವಾ 15ಕ್ಕೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಇವೆರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಹತ್ತಿರ ಹತ್ತಿರ ಒಂದೇ ದಿನ ಬೀಳುತ್ತಿದ್ದವು. ಮಕ್ಕಳಿಗೆ ಇದನ್ನು ಮನದಟ್ಟು ಮಾಡಲು ಒಂದು ಸುಲಭ ಸಾಕ್ಷ್ಯವಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಆ ವರ್ಷದ ಮಕರ ಸಂಕ್ರಾಂತಿಯ ದಿನ. ಈಗ ಯುವ ದಿನಾಚರಣೆ ಮುಗಿದು ಎರಡು ಮೂರು ದಿನಕ್ಕೆ ಹಬ್ಬ ಬರುತ್ತದೆ.

ಬೆಳೆಗೆ ಈ ಲೆಕ್ಕ ಗೊತ್ತಿಲ್ಲ. ಅದು ಮಳೆ, ಮಣ್ಣು, ನೀರು ನೋಡಿ ಮಾಗುತ್ತದೆ. ಆದ್ದರಿಂದಲೇ ಕರ್ನಾಟಕದಲ್ಲಿ ಸುಗ್ಗಿಯ ಹಬ್ಬ ಒಂದೇ ದಿನಕ್ಕೆ ನಿಂತಿಲ್ಲ. ಕೊಡವರು ಪುತ್ತರಿಯಲ್ಲಿ ಹೊಸ ಭತ್ತದ ಕದಿರು ಮನೆಗೆ ತರುವುದು ನವೆಂಬರ್-ಡಿಸೆಂಬರ್‌ನಲ್ಲಿ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ. ಸಂಕ್ರಾಂತಿ ಇವುಗಳಲ್ಲಿ ಒಂದು ಎಂದು ತಿಳಿದಾಗ ಮಗು ‘ಉಳಿದವರು ಯಾಕೆ ಬೇರೆ ದಿನ ಮಾಡುತ್ತಾರೆ?’ ಎಂದು ಕೇಳುತ್ತದೆ. ಇತಿಹಾಸದ ಪಾಠ ಶುರುವಾಗುವುದು ಆ ಪ್ರಶ್ನೆಯಿಂದ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಸುಗ್ಗಿ

ಶ್ರೀರಂಗಪಟ್ಟಣದ ಸುತ್ತ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ಸಾಗರ ನಾಲೆಗಳು ಕನ್ನಂಬಾಡಿ ಕಟ್ಟೆಗಿಂತ ಶತಮಾನಗಳಷ್ಟು ಹಳೆಯವು. ಪಾಂಡವಪುರಕ್ಕೆ ತೊಣ್ಣೂರು ಕೆರೆ ಇದೆ. ಈ ನೀರಿನ ಕೆಳಗೆ ಭತ್ತ ಬೆಳೆಯುತ್ತಿತ್ತು. ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಗಿ, 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ (ಇಂದಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದ ಮೇಲೆ ಚಿತ್ರ ಬದಲಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಭತ್ತದ ಜೊತೆಗೆ ಕಬ್ಬು ಈ ನಾಡಿನ ಗುರುತಾಯಿತು. ಸಂಕ್ರಾಂತಿಯ ತಟ್ಟೆಯಲ್ಲಿರುವ ಕಬ್ಬಿನ ಜಲ್ಲೆಯನ್ನು ಅನಾದಿ ಕಾಲದ್ದೆಂದು ನಾವು ಹೇಳಿಬಿಡುತ್ತೇವೆ. ಆದರೆ ಮಂಡ್ಯದ ಬಯಲು ಇಂದಿನಷ್ಟು ದಟ್ಟವಾಗಿ ಕಬ್ಬಿನ ಬಯಲಾಗಿ ಇನ್ನೂ ನೂರು ವರ್ಷ ತುಂಬಿಲ್ಲ.

ಅದೇ ನೀರಿಗೆ ಇನ್ನೊಂದು ಇತಿಹಾಸವೂ ಇದೆ. ಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಇತರ ಊರುಗಳೂ ಮುಳುಗಿದವು. ಹೊಲ, ಕಣ, ಗುಡಿ ಬಿಟ್ಟು ಜನ ಎದ್ದು ಬಂದರು. ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಒಬ್ಬರ ಸುಗ್ಗಿ ಹಿಗ್ಗಿದಾಗ ಇನ್ನೊಬ್ಬರ ಕಣ ನೀರಿನಡಿಗೆ ಹೋಯಿತು ಎಂಬುದನ್ನು ಈ ಭಾಗದ ಮಗು ಬೇರೆ ಯಾವ ಪುಸ್ತಕಕ್ಕಿಂತ ತನ್ನ ತಾಲ್ಲೂಕಿನ ಭೂಪಟದಿಂದಲೇ ಕಲಿಯಬಹುದು.

ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಬೆದ್ದಲು ಹೊಲಗಳಲ್ಲಿ ರಾಗಿ, ಹುರುಳಿ, ಅವರೆ ಬೆಳೆಯುತ್ತವೆ. ರಾಗಿ ಕೊಯ್ಲು ನವೆಂಬರ್-ಡಿಸೆಂಬರ್‌ನಲ್ಲೇ ಆಗಿ, ಮೆದೆ ಒಟ್ಟಿ, ಬಿಡುವು ನೋಡಿ ಒಕ್ಕಣೆ ಮಾಡುವುದು ರೂಢಿ. ಅಲ್ಲಿ ಸಂಕ್ರಾಂತಿ ಒಕ್ಕಣೆಯ ಹಬ್ಬ. ನಾಲೆ ಬಯಲಿನಲ್ಲಿ ಭತ್ತದ ಕೊಯ್ಲಿನ ಹಬ್ಬ. ಬರೀ ಕಬ್ಬು ಹಾಕಿದವರಿಗೆ ಕೊಯ್ಲಿಗೂ ಹಬ್ಬಕ್ಕೂ ನೇರ ಸಂಬಂಧವೇ ಇಲ್ಲ, ಕಾರ್ಖಾನೆಯ ಕಟಾವು ಆದೇಶ ಬಂದ ದಿನವೇ ಕೊಯ್ಲು. ಹೇಮಾವತಿ ನಾಲೆ ತಲುಪಿದ ಊರುಗಳಲ್ಲಿ ಮತ್ತೊಂದು ಲೆಕ್ಕ. ಪ್ರಶಿಕ್ಷಣಾರ್ಥಿ ಮೊದಲು ತಾನು ಪಾಠ ಮಾಡುವ ಊರಿನ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ ತಿಳಿದುಕೊಂಡರೆ ಪಾಠದ ಅರ್ಧ ತಯಾರಿ ಮುಗಿದಂತೆ.

ಕಣದಲ್ಲಿ ಯಾರ್‍ಯಾರು ಇದ್ದರು?

ಸಗಣಿ ಸಾರಿಸಿದ ಕಣ, ನಡುವೆ ಮೇಟಿ, ಸುತ್ತ ತುಳಿಯುವ ಎತ್ತುಗಳು, ತೂರುವ ಮೊರ, ಕೊನೆಗೆ ರಾಶಿ ಪೂಜೆ. ಈ ಚಿತ್ರವನ್ನು ಇಂದಿನ ಮಕ್ಕಳು ಹೆಚ್ಚಾಗಿ ಪುಸ್ತಕದಲ್ಲೇ ನೋಡಿದ್ದಾರೆ. ಈಗ ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ, ವಾಹನಗಳ ಚಕ್ರಕ್ಕೆ ಒಕ್ಕಣೆಯ ಕೆಲಸ ವಹಿಸಿದ್ದೇವೆ. ಭತ್ತಕ್ಕೆ ಕೊಯ್ಲು ಯಂತ್ರ ಬಂದಿದೆ. ಈ ಬದಲಾವಣೆಯೇ ಒಂದು ಪಾಠದ ವಸ್ತು.

ಹಳೆಯ ಕಣ ಧಾನ್ಯ ಬೇರ್ಪಡಿಸುವ ಜಾಗವೂ ಹೌದು, ಪಾಲು ಅಳೆಯುವ ಜಾಗವೂ ಹೌದು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತೋಟಿ, ತಳವಾರ, ನೀರುಗಂಟಿ ಮುಂತಾದವರಿಗೆ ವರ್ಷದ ದುಡಿಮೆಗೆ ಪ್ರತಿಯಾಗಿ ರಾಶಿಯಿಂದಲೇ ‘ಆಯ’ ಸಲ್ಲುತ್ತಿತ್ತು. ಈ ವ್ಯವಸ್ಥೆಯನ್ನು ‘ಎಲ್ಲರೂ ಹಂಚಿಕೊಂಡು ಬಾಳುತ್ತಿದ್ದರು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುವುದು ಸುಲಭ. ಅದು ಅರ್ಧ ಸತ್ಯ. ಪಾಲು ಇತ್ತು, ಯಾರಿಗೆ ಮೊದಲು, ಯಾರಿಗೆ ಕೊನೆಗೆ, ಯಾರಿಗೆ ಕೈಗೆ ಕೊಟ್ಟರು, ಯಾರಿಗೆ ದೂರದಿಂದ ಸುರಿದರು ಎಂಬುದೂ ಇತ್ತು. ರಾಶಿಯ ಮೇಲೆ ಹಕ್ಕಿದ್ದವರು ಬೇರೆ, ಹಂಗಿನಲ್ಲಿ ನಿಂತವರು ಬೇರೆ. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ 1961ರಲ್ಲಿ ಬಂತು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಜೀತ ಪದ್ಧತಿ ನಿಷೇಧ ಕಾಯ್ದೆ 1976ರದು. ಈ ಮೂರು ಕಾನೂನುಗಳೂ ಕಣದ ಲೆಕ್ಕವನ್ನು ಬದಲಿಸಿದವು. ಪೌರನೀತಿ ಪಾಠದಲ್ಲಿ ಒಣ ದಿನಾಂಕಗಳಂತೆ ಬರುವ ಇವನ್ನು ಸುಗ್ಗಿಯ ಪಾಠದಲ್ಲಿ ತಂದರೆ ಮಕ್ಕಳಿಗೆ ಯಾಕೆ ಬೇಕಾದವು ಎಂಬುದು ಹೊಳೆಯುತ್ತದೆ.

ತಟ್ಟೆಯಲ್ಲಿರುವ ಜಗತ್ತು, ಕಿಚ್ಚಿನಲ್ಲಿರುವ ಕಾಲ

ಹಬ್ಬದ ತಟ್ಟೆಯನ್ನೇ ಮೇಜಿನ ಮೇಲಿಡಿ. ಎಳ್ಳು ಈ ಉಪಖಂಡದಲ್ಲೇ ಪಳಗಿದ ಬೆಳೆ. ಹುರುಳಿಯೂ ಇಲ್ಲಿಯದೇ, ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿಯ ಅವಶೇಷ ಸಿಕ್ಕಿದೆ. ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದ ಬಂದದ್ದು. ಕಡಲೆಕಾಯಿ, ಬೇಯಿಸಿ ತಿನ್ನುವ ಗೆಣಸು, ಸಿಹಿಗುಂಬಳ ಮೂರೂ ಅಮೆರಿಕ ಖಂಡಗಳ ಮೂಲನಿವಾಸಿಗಳು ಪಳಗಿಸಿದ ಬೆಳೆಗಳು; 1492ರ ನಂತರವಷ್ಟೇ ಈ ಕಡೆ ಬಂದವು. ಹಾಗಾದರೆ ಕಡಲೆಕಾಯಿ ಬೀಜವಿಲ್ಲದ ಎಳ್ಳು ಬೆಲ್ಲವೂ ಒಂದು ಕಾಲದಲ್ಲಿ ಇತ್ತು ಎಂದಾಯಿತು. ಇಷ್ಟು ಗೊತ್ತಾದರೆ ‘ಸಂಪ್ರದಾಯ ಬದಲಾಗುವುದಿಲ್ಲ’ ಎಂಬ ಮಾತನ್ನು ಮಕ್ಕಳೇ ಪರೀಕ್ಷಿಸುತ್ತಾರೆ.

ಕಿಚ್ಚು ಹಾಯಿಸುವುದಕ್ಕೂ ದೀರ್ಘ ಇತಿಹಾಸವಿರಬಹುದು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿಗಳನ್ನು ಸುಟ್ಟದ್ದರಿಂದ ಆದವು. ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ಈ ಬೆಂಕಿಗಳನ್ನು ಇಂದಿಗೂ ಉಳಿದಿರುವ, ದನಗಳನ್ನು ಬೆಂಕಿ ದಾಟಿಸುವ ಆಚರಣೆಗಳೊಂದಿಗೆ ಹೋಲಿಸಿದರು. ದನದ ಮೈಯ ಉಣ್ಣೆ ಉದುರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬೂದಿ ಕಣ್ಣಿಗೆ ಕಾಣುವ ಸಾಕ್ಷ್ಯ, ಹೋಲಿಕೆ ವಿದ್ವಾಂಸರ ಊಹೆ, ಉಣ್ಣೆಯ ಮಾತು ಜನರ ವಿವರಣೆ. ಈ ಮೂರನ್ನೂ ಕಪ್ಪುಹಲಗೆಯ ಮೇಲೆ ಮೂರು ಅಂಕಣಗಳಲ್ಲಿ ಬರೆಸಿದರೆ ಇತಿಹಾಸ ವಿಧಾನದ ಮೊದಲ ಪಾಠ ಆಗುತ್ತದೆ.

ಸೋಲಿಗರ ರೊಟ್ಟಿ ಹಬ್ಬ: ಅವರ ನೆಲದಲ್ಲಿ ನಿಂತು

ಮಂಡ್ಯದ ಮಕ್ಕಳಿಗೆ ಆದಿವಾಸಿ ಸುಗ್ಗಿಯ ಪಾಠ ದೂರದ ವಿಷಯವಲ್ಲ. ಇಲ್ಲಿಂದ ಮಲೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಕುಟುಂಬಗಳು ಎಷ್ಟೋ ಇವೆ. ಆ ಮಾದಪ್ಪನ ಮೌಖಿಕ ಕಾವ್ಯದಲ್ಲಿ ಬರುವ ಸಂಕಮ್ಮ ಸೋಲಿಗರ ಹೆಣ್ಣು. ಆ ಬೆಟ್ಟಗಳಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಸೋಲಿಗರು ಪೋಡುಗಳಲ್ಲಿ ವಾಸಿಸುತ್ತಾರೆ. ಹೊಸ ರಾಗಿ ಕೈಗೆ ಬಂದ ಮೇಲೆ ಅವರು ಆಚರಿಸುವುದು ರೊಟ್ಟಿ ಹಬ್ಬ. ಹೊಸ ರಾಗಿಯ ರೊಟ್ಟಿಯನ್ನು ದೇವರಿಗೆ ಅರ್ಪಿಸಿ ಎಲ್ಲರೂ ಕೂಡಿ ಉಣ್ಣುತ್ತಾರೆ, ಹಾಡಿ ಕುಣಿಯುತ್ತಾರೆ. ನಾಗಮಂಗಲದ ಕಣದಲ್ಲಿ ಪೂಜೆಗೊಳ್ಳುವ ಅದೇ ರಾಗಿ ಅಲ್ಲಿಯೂ ಇದೆ.

ಆದರೆ ಆ ರಾಗಿಯ ಹಿಂದಿನ ಇತಿಹಾಸ ಬೇರೆ. ಸೋಲಿಗರು ಕಾಡಿನಲ್ಲಿ ಜಾಗ ಬದಲಿಸುತ್ತ ಬೇಸಾಯ ಮಾಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಆ ಬೇಸಾಯ ನಿಂತಿತು, ಪೋಡುಗಳು ಸ್ಥಳಾಂತರಗೊಂಡವು. ನೆಲದ ತರಗಿಗೆ ಸಣ್ಣದಾಗಿ ಬೆಂಕಿ ಕೊಡುವ ಅವರ ‘ತರಗು ಬೆಂಕಿ’ಯೂ ನಿಷೇಧಕ್ಕೆ ಒಳಗಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಹೋರಾಡಿ 2011ರಲ್ಲಿ ಅವರು ಸಮುದಾಯ ಅರಣ್ಯ ಹಕ್ಕು ಪಡೆದರು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಣೆಯಾಗಿತ್ತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತ ದೇಶದ ಮೊದಲ ನಿದರ್ಶನವೆಂದು ಇದನ್ನು ಗುರುತಿಸುತ್ತಾರೆ. ಜೇನು ಇಳಿಸುವಾಗ ಮರ ಹತ್ತಲಾರದ ಹುಲಿಗೆಂದು ಒಂದಿಷ್ಟು ಬಿಡುವ ವಾಡಿಕೆಯ ಜನ ಕಾಡಿಗೆ ಅಪಾಯವೇ ಎಂಬುದು ಎಂಟನೆಯ ತರಗತಿಯ ಮಕ್ಕಳು ಚರ್ಚಿಸಬಲ್ಲ ಪ್ರಶ್ನೆ.

ಇಲ್ಲಿ ಆದಿವಾಸಿ ದೃಷ್ಟಿ ಎಂದರೆ ಪಾಠದ ಕೊನೆಗೆ ಒಂದು ಬುಡಕಟ್ಟು ನೃತ್ಯ ಸೇರಿಸುವುದಲ್ಲ. ಹಬ್ಬವನ್ನು ಅದನ್ನು ಆಚರಿಸುವವರ ನೆಲ, ಬೆಳೆ, ಹಕ್ಕುಗಳೊಂದಿಗೆ ಸೇರಿಸಿ ನೋಡುವುದು, ಅವರ ಮಾತನ್ನು ಅವರಿಂದಲೇ ಕೇಳುವುದು. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರಂಥ ಸಂಶೋಧಕರ ಬರಹ, ಮಾತು ಲಭ್ಯವಿರುವಾಗ ಪಾಠಕ್ಕೆ ಅದೇ ಮೊದಲ ಆಕರವಾಗಬೇಕು.

ಇದು ನಮ್ಮಲ್ಲಿ ಮಾತ್ರ ಎದ್ದ ಪ್ರಶ್ನೆಯಲ್ಲ. ಅಮೆರಿಕದ ಶಾಲೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನು 1621ರಲ್ಲಿ ಪ್ಲಿಮತ್‌ನ ವಲಸಿಗರೂ ವಾಂಪನೋಗ್ ಜನರೂ ಕೂಡಿ ಉಂಡ ಕತೆಯಾಗಿ ಹೇಳುತ್ತ ಬಂದರು. ಆ ಊಟದ ನಂತರ ನೆಲ ಕಳೆದುಕೊಂಡವರ ಕತೆ ಪಾಠದಲ್ಲಿ ಇರಲಿಲ್ಲ. 1970ರಿಂದ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಅದೇ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಾರೆ. ಅಲ್ಲಿನ ಶಿಕ್ಷಕರು ಕಲಿತ ಒಂದು ಸಣ್ಣ ವಿಷಯ ನಮಗೂ ಬೇಕು: ವಾಂಪನೋಗ್ ಜನರ ಬಗ್ಗೆ ಭೂತಕಾಲದಲ್ಲಿ ಮಾತನಾಡಬಾರದು. ಸೋಲಿಗರು ‘ಇದ್ದರು’ ಅಲ್ಲ, ‘ಇದ್ದಾರೆ’. ಪಾಠ ಟಿಪ್ಪಣಿಯ ಕ್ರಿಯಾಪದಗಳನ್ನು ಒಮ್ಮೆ ತಿದ್ದಿಕೊಂಡರೆ ಪಾಠದ ನೋಟವೇ ಬದಲಾಗುತ್ತದೆ.

ಮೂರು ಅವಧಿಗಳ ಪಾಠ ಯೋಜನೆ

7 ಅಥವಾ 8ನೆಯ ತರಗತಿಗೆ 40 ನಿಮಿಷಗಳ ಮೂರು ಅವಧಿ ಸಾಕು.

ಮೊದಲ ಅವಧಿ: ಮನೆಯ ಹಿರಿಯರಿಂದ. ಎರಡು ದಿನ ಮೊದಲೇ ಮಕ್ಕಳಿಗೆ ಪ್ರಶ್ನೆಗಳನ್ನು ಕೊಡಿ. ತಾತ ಅಜ್ಜಿಯರ ಕಾಲದಲ್ಲಿ ಊರಿನ ಕಣ ಎಲ್ಲಿತ್ತು? ಈಗ ಆ ಜಾಗದಲ್ಲಿ ಏನಿದೆ? ಒಕ್ಕಣೆಗೆ ಯಾರ್‍ಯಾರು ಬರುತ್ತಿದ್ದರು? ಅಳೆಯುವುದಕ್ಕೆ ಸೇರು, ಬಳ್ಳ, ಕೊಳಗಗಳಲ್ಲಿ ಯಾವುದು ಇತ್ತು? ನಿಮ್ಮ ಮನೆಯವರು ಬಲ್ಲ ಸುಗ್ಗಿ ಕೆಲಸ ಯಾವುದು? ಉತ್ತರಗಳನ್ನು ತರಗತಿಯಲ್ಲಿ ಒಂದೇ ದೊಡ್ಡ ಹಾಳೆಗೆ ಸೇರಿಸಿ.

ಎರಡನೆಯ ಅವಧಿ: ತಟ್ಟೆ ಮತ್ತು ಭೂಪಟ. ಹಬ್ಬದ ಪದಾರ್ಥಗಳನ್ನು ಜಗತ್ತಿನ ಭೂಪಟದ ಮೇಲೂ, ನಾಲ್ಕು ತಾಲ್ಲೂಕುಗಳ ನಾಲೆ, ಕೆರೆ, ಬೆದ್ದಲುಗಳನ್ನು ಜಿಲ್ಲೆಯ ಭೂಪಟದ ಮೇಲೂ ಗುರುತಿಸಿ. ನಂತರ ಕಣದ ಪಾಲಿನ ಚಟುವಟಿಕೆ. ಒಂದು ಮೊರದಲ್ಲಿ ಹುರುಳಿ ಕಾಳು ಹಾಕಿ, ಉತ್ತವರು, ನಾಟಿ ಹಾಕಿದವರು, ಕಳೆ ಕಿತ್ತವರು, ನೀರು ಬಿಟ್ಟವರು, ನೇಗಿಲು ಮಾಡಿದವರು, ಜಮೀನಿನ ಒಡೆಯರು ಎಂಬ ಚೀಟಿಗಳ ಮುಂದೆ ಮಕ್ಕಳೇ ಪಾಲು ಹಾಕಲಿ, ಯಾಕೆ ಹಾಗೆ ಹಾಕಿದರೆಂದು ಹೇಳಲಿ. ಚೀಟಿಯಲ್ಲಿ ಕೆಲಸದ ಹೆಸರಿರಲಿ, ಜಾತಿಯ ಹೆಸರು ಬೇಡ.

ಮೂರನೆಯ ಅವಧಿ: ರೊಟ್ಟಿ ಹಬ್ಬ ಮತ್ತು ಸಂಕ್ರಾಂತಿ. ಎರಡನ್ನೂ ಬೆಳೆ, ನೆಲದ ಹಕ್ಕು, ಬೆಂಕಿಯ ಬಳಕೆ, ಪ್ರಾಣಿಯೊಡನೆ ಸಂಬಂಧ, ಕಾನೂನು ತಂದ ಬದಲಾವಣೆ ಎಂಬ ಐದು ತಲೆಬರಹಗಳಲ್ಲಿ ಅಕ್ಕಪಕ್ಕ ಬರೆಯಿಸಿ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ತೀರ್ಪು ಬೇಡ.

ಎಚ್ಚರ ಎಲ್ಲಿ ಬೇಕು?

‘ನಿಮ್ಮ ಮನೆಗೆ ಎಷ್ಟು ಮೂಟೆ ಭತ್ತ ಬಂತು?’ ಎಂಬ ಪ್ರಶ್ನೆ ಸಹಜವೆಂದು ಕಾಣುತ್ತದೆ. ಜಮೀನಿಲ್ಲದ ಮನೆಯ ಮಗು ಆ ಪ್ರಶ್ನೆಗೆ ತಲೆ ತಗ್ಗಿಸುತ್ತದೆ. ‘ನಿಮ್ಮ ಮನೆಯವರು ಬಲ್ಲ ಸುಗ್ಗಿ ಕೆಲಸ ಯಾವುದು?’ ಎಂದು ಕೇಳಿದರೆ ಅದೇ ಮಗು ತಲೆ ಎತ್ತಿ ಉತ್ತರಿಸುತ್ತದೆ. ನಾಟಿ, ಕಳೆ, ಕೊಯ್ಲುಗಳ ಜ್ಞಾನ ಹೆಚ್ಚಾಗಿ ಕೂಲಿಗೆ ಹೋಗುವ ತಾಯಂದಿರ ಬಳಿಯೇ ಇದೆ. ಬೇರೆ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದು ಗದ್ದೆಯಂಚಿನ ಜೋಪಡಿಯಲ್ಲಿರುವ ಕುಟುಂಬದ ಮಗು ತರಗತಿಯಲ್ಲಿದ್ದರೆ ಆ ಮಗುವಿನ ಊರಿನ ಸುಗ್ಗಿಯೂ ಹಾಳೆಯ ಮೇಲೆ ಬರಬೇಕು.

ಯಾವ ಮಗುವನ್ನೂ ಅದರ ಸಮುದಾಯದ ಪ್ರತಿನಿಧಿಯಾಗಿ ನಿಲ್ಲಿಸಬಾರದು. ‘ನೀನು ಹೇಳಪ್ಪ, ನಿಮ್ಮವರಲ್ಲಿ ಹೇಗೆ?’ ಎಂಬ ಮಾತು ಪ್ರೀತಿಯಿಂದ ಬಂದರೂ ಮಗುವನ್ನು ಉಳಿದವರಿಂದ ಬೇರ್ಪಡಿಸುತ್ತದೆ. ಹೇಳಬೇಕೆನಿಸಿದವರು ಹೇಳಲಿ, ಬರೆಯಬೇಕೆನಿಸಿದವರು ಬರೆಯಲಿ. ಎಲೆ ಸೊಪ್ಪು ಕಟ್ಟಿಸಿ, ಮುಖಕ್ಕೆ ಬಣ್ಣ ಬಳಿದು ‘ಆದಿವಾಸಿ ವೇಷ’ ಹಾಕಿಸುವುದನ್ನು ಪೂರ್ತಿ ಕೈಬಿಡಬೇಕು. ‘ನಮ್ಮ ಮನೆಯಲ್ಲಿ ಈ ಹಬ್ಬ ಮಾಡುವುದಿಲ್ಲ’ ಎಂದ ಮಗುವಿಗೂ ಕಣದ ಇತಿಹಾಸದಲ್ಲಿ ಪಾಲಿದೆ. ಅನ್ನ, ಮುದ್ದೆ ಉಣ್ಣದ ಮನೆ ಈ ಜಿಲ್ಲೆಯಲ್ಲಿ ಇಲ್ಲ.

ಹಬ್ಬದ ಸಂತೋಷ ಕೆಡುತ್ತದೆ ಎಂಬ ಆಕ್ಷೇಪ ಬರಬಹುದು. ಪಾಠ ಹಬ್ಬವನ್ನು ಹೀಗಳೆಯುವುದಿಲ್ಲ, ಅದಕ್ಕೆ ದುಡಿದವರನ್ನೆಲ್ಲ ಒಳಗೆ ಕರೆಯುತ್ತದೆ ಎಂದು ಪೋಷಕರಿಗೆ ನೆಮ್ಮದಿಯಿಂದ ವಿವರಿಸಬಹುದು. ಮನೆಗೆ ಬಂದ ಪ್ರಶ್ನೆಗಳಿಗೆ ಅಜ್ಜಿ ತಾತಂದಿರೇ ಉತ್ತರ ಕೊಟ್ಟಿರುವಾಗ ಈ ವಿವರಣೆ ಕಷ್ಟವಾಗುವುದಿಲ್ಲ.

ಮೌಲ್ಯಮಾಪನ

‘ಸಂಕ್ರಾಂತಿಯ ಮಹತ್ವವೇನು?’ ಎಂಬ ಪ್ರಶ್ನೆಗೆ ಮಕ್ಕಳು ಪಾಠವಿಲ್ಲದೆಯೂ ಉತ್ತರ ಬರೆಯುತ್ತಾರೆ. ಅದರ ಬದಲು ಇವನ್ನು ಕೇಳಿ ನೋಡಿ. ನಿಮ್ಮೂರಿನ ಸುಗ್ಗಿಯಲ್ಲಿ ತಾತನ ಕಾಲಕ್ಕೂ ಈಗಿಗೂ ಆದ ಎರಡು ಬದಲಾವಣೆ ಯಾವುವು, ಅವುಗಳ ಕಾರಣವೇನು? ರೊಟ್ಟಿ ಹಬ್ಬದ ಬಗ್ಗೆ ನಿಮಗೆ ಗೊತ್ತಾದದ್ದು ಯಾರಿಂದ? ಅವರಿಗೆ ಅದು ಹೇಗೆ ಗೊತ್ತು? ಕೊನೆಯ ಎರಡು ಪ್ರಶ್ನೆಗಳಿಗೆ ಮಗು ಯೋಚಿಸಿ ಉತ್ತರಿಸಿದರೆ ಆಕರ ವಿಮರ್ಶೆಯ ಬೀಜ ಬಿದ್ದಿದೆ.

ಪಾಠ ವೀಕ್ಷಿಸುವ ಮೇಲ್ವಿಚಾರಕರೂ ಚಾರ್ಟಿನ ಅಂದ, ಸಮಯ ಪಾಲನೆಗಳ ಜೊತೆಗೆ ಎರಡು ಅಂಶ ಬರೆದುಕೊಳ್ಳಬಹುದು: ಇಡೀ ಪಾಠದಲ್ಲಿ ಎಷ್ಟು ಬಗೆಯ ದುಡಿಮೆಯ ಹೆಸರು ಬಂತು, ಮತ್ತು ಪಾಠ ಮುಗಿದಾಗ ಒಮ್ಮೆಯೂ ಮಾತನಾಡದೆ ಉಳಿದ ಮಕ್ಕಳು ಎಷ್ಟು. ಆ ಎರಡನೆಯ ಸಂಖ್ಯೆಯನ್ನು ಮುಂದಿನ ಪಾಠದ ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆದಿಟ್ಟುಕೊಂಡು ತರಗತಿಗೆ ಹೋಗುವುದು ಒಳ್ಳೆಯ ಅಭ್ಯಾಸ.